ಮನೆ ಬೆಲೆಯ ಬಗ್ಗೆ ಒಮ್ಮೆ ಕೂತ ನಂಬಿಕೆ ಏಕೆ ಏಳುವುದಿಲ್ಲ?

ಬಾಡಿಗೆಮನೆ (ಮೂಲ ಬರಹ):
ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನಾನೂ ನನ್ನ ಅಣ್ಣನೂ ಮೂರು ಗಂಟೆಗಳ ಕಾಲ ವಾದ ಮಾಡಿದೆವು. ಹನ್ನೊಂದು ವರ್ಷಗಳ ಹಿಂದೆ ಸಾಲ ಮಾಡಿ ಮನೆ ಕೊಂಡವನು ಅವನು. ಮನೆಯ ಬೆಲೆ ಎಂದಿಗೂ ಇಳಿಯುವುದಿಲ್ಲ, ಬಾಡಿಗೆ ಕೊಡುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬುದು ಅವನ ದೃಢವಾದ ಅಭಿಪ್ರಾಯ. ನಾನು ಒಂದು ಹಾಳೆಯ ಮೇಲೆ ಅವನು ಈವರೆಗೆ ಕಟ್ಟಿದ ಬಡ್ಡಿ, ನೋಂದಣಿಯ ಖರ್ಚು, ತೆರಿಗೆ, ಎರಡು ಸಲ ಮಾಡಿಸಿದ ತಾರಸಿಯ ದುರಸ್ತಿ, ಎಲ್ಲವನ್ನೂ ಬರೆದು, ಹಣದುಬ್ಬರವನ್ನೂ ಕಳೆದು, ಕೈಯಲ್ಲಿ ಉಳಿಯುವ ಲಾಭವೆಷ್ಟೆಂದು ಗೆರೆ ಎಳೆದು ತೋರಿಸಿದೆ. ಅವನು ಅದನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದ, ಒಂದು ಕಡೆ ನಾನು ಕೂಡುವುದರಲ್ಲಿ ಮಾಡಿದ್ದ ತಪ್ಪನ್ನು ತನ್ನ ಪೆನ್ನಿನಿಂದಲೇ ತಿದ್ದಿದ, ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಂಡು, "ಲೆಕ್ಕ ಸರಿಯಿದೆ, ಆದರೆ ಮನೆಯ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ" ಎಂದ.

ನನಗೆ ಸಿಟ್ಟು ಬಂದದ್ದು ನಿಜ. ಆದರೆ ಹಿಂತಿರುಗುವ ದಾರಿಯಲ್ಲಿ ಇನ್ನೊಂದು ವಿಷಯ ಮನಸ್ಸನ್ನು ಕೊರೆಯತೊಡಗಿತು. ಬೆಲೆ ಕುಸಿದೇ ಕುಸಿಯುತ್ತದೆ ಎಂದು ನಾನು ಒಂಬತ್ತು ವರ್ಷಗಳಿಂದ ಹೇಳುತ್ತಿದ್ದೇನೆ. ಬಡ್ಡಿ ದರ ಏರಿದಾಗ "ಇನ್ನೇನು ಬಿತ್ತು" ಎಂದೆ; ಅದು ಬೀಳದಿದ್ದಾಗ "ತಡವಾಗಿದೆ, ಅಷ್ಟೇ" ಎಂದೆ. ಒಂದು ವರ್ಷವೂ ನಾನು ತಪ್ಪಿರಬಹುದು ಎಂದು ನನಗೆ ಅನ್ನಿಸಲಿಲ್ಲ. ಬೇರೆ ವಿಷಯಗಳಲ್ಲಿ ಸುಲಭವಾಗಿ ಮನಸ್ಸು ಬದಲಿಸುವ ನಾವು ಮನೆಯ ಬೆಲೆ, ಬಾಡಿಗೆ, ಕಟ್ಟಡಗಳು ಎಂದ ಕೂಡಲೇ ಹೀಗೆ ಬಿಗಿಯಾಗುವುದು ಏಕೆ? ತಿಳಿದವರೂ ಅನುಭವಿಸಿದವರೂ ದಯವಿಟ್ಟು ಬರೆಯಿರಿ.

ಲೆಕ್ಕಪತ್ರ:
ಮೊದಲು ಒಂದು ಪ್ರಶ್ನೆ. ಆ ಹನ್ನೊಂದು ವರ್ಷ ನಿಮ್ಮ ಅಣ್ಣ ಕೊಡದೆ ಉಳಿಸಿದ ಬಾಡಿಗೆಯನ್ನು ನಿಮ್ಮ ಹಾಳೆಯಲ್ಲಿ ಸೇರಿಸಿದ್ದಿರಾ?

ಬಾಡಿಗೆಮನೆ:
ಇಲ್ಲ. ಅದು ಬೇರೆಯದೇ ವಿಷಯವೆಂದು ಬಿಟ್ಟಿದ್ದೆ.

ಲೆಕ್ಕಪತ್ರ:
ಅದು ಬೇರೆಯದಲ್ಲ, ಅದೇ ಅರ್ಧ ವಿಷಯ. ಮನೆ ತನ್ನ ಒಡೆಯನಿಗೆ ಕೊಡುವ ಪ್ರತಿಫಲ ಎರಡು ಬಗೆಯದು: ಬೆಲೆಯಲ್ಲಿ ಆಗುವ ಏರಿಕೆ ಒಂದು, ಅದರಲ್ಲಿ ವಾಸಿಸುವುದರಿಂದ ಉಳಿಯುವ ಬಾಡಿಗೆ ಇನ್ನೊಂದು. ಎರಡನೆಯದನ್ನು ಕೈಬಿಟ್ಟರೆ ಎಂಥ ಒಳ್ಳೆಯ ಖರೀದಿಯೂ ಕೆಟ್ಟದಾಗಿಯೇ ಕಾಣುತ್ತದೆ. ಇದಕ್ಕೆ ಪ್ರತಿಯಾಗಿ, ಅವರು ಮೊದಲಿಗೇ ಕಟ್ಟಿದ ದೊಡ್ಡ ಮೊತ್ತ ಬೇರೆಡೆ ಇದ್ದಿದ್ದರೆ ಎಷ್ಟು ಬೆಳೆಯುತ್ತಿತ್ತು ಎಂಬುದನ್ನೂ ಖರ್ಚಿನ ಕಡೆ ಬರೆಯಬೇಕು. ನಿಮ್ಮ ಅಣ್ಣ "ಲೆಕ್ಕ ನಡೆಯುವುದಿಲ್ಲ" ಎಂದಾಗ, ಹಾಳೆಯಲ್ಲಿ ಏನೋ ಬಿಟ್ಟುಹೋಗಿದೆ ಎಂಬುದು ಅವರ ಅನುಭವಕ್ಕೆ ಹೊಳೆದಿತ್ತು, ಅದರ ಹೆಸರು ಮಾತ್ರ ತಿಳಿದಿರಲಿಲ್ಲ ಎಂದು ನನಗೆ ತೋರುತ್ತದೆ.

ಅರ್ಥಶಾಸ್ತ್ರದ ಮೇಷ್ಟ್ರು:
ಲೆಕ್ಕಪತ್ರ ಅವರ ಮಾತು ಸರಿ. ಆದರೂ ಸರಿಯಾದ ಹಾಳೆ ತೋರಿಸಿದ್ದರೆ ಅಣ್ಣ ಒಪ್ಪುತ್ತಿದ್ದರೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗಳಿಸಿದ ಸಂತೋಷಕ್ಕಿಂತ ಅಷ್ಟೇ ಮೊತ್ತವನ್ನು ಕಳೆದುಕೊಂಡ ನೋವು ದೊಡ್ಡದು ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲಿ ಸಿದ್ಧಾಂತವಾಗಿ ಮಂಡಿಸಿದರು. ಮನೆಗಳ ಮಾರುಕಟ್ಟೆಯಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅವರು ನೋಡಿದ್ದು 1990ರ ದಶಕದ ಬೋಸ್ಟನ್ ನಗರದ ಅಪಾರ್ಟ್‌ಮೆಂಟುಗಳ ಮಾರಾಟವನ್ನು. ಬೆಲೆಗಳು ಅದಾಗಲೇ ಇಳಿದಿದ್ದವು. ತಾವು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು, ಆ ನಷ್ಟದ ಶೇಕಡಾ 25ರಿಂದ 35ರಷ್ಟನ್ನು ತಾವು ಕೇಳುವ ಬೆಲೆಗೆ ಸೇರಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿಯೇ ಅಂಥದೇ ಮನೆಯನ್ನು ಬಹಳ ಹಿಂದೆ ಅಗ್ಗವಾಗಿ ಕೊಂಡವರಿಗೆ ಈ ತೊಡಕಿರಲಿಲ್ಲ. ಕೊಳ್ಳಲು ಬರುವವನಿಗೆ ನೀವು ಎಷ್ಟಕ್ಕೆ ಕೊಂಡಿದ್ದಿರಿ ಎಂಬುದರಿಂದ ಆಗಬೇಕಾದ್ದೇನೂ ಇಲ್ಲ. ಆದರೂ ಮಾರುವವನ ತಲೆಯಲ್ಲಿ ಆ ಒಂದು ಅಂಕಿ ಮೊಳೆ ಹೊಡೆದಂತೆ ಕೂತಿರುತ್ತದೆ.

ಇದರ ಪರಿಣಾಮವನ್ನು ಗಮನಿಸಿ. ಬೇಡಿಕೆ ಕುಗ್ಗಿದಾಗ ಮೊದಲು ಇಳಿಯುವುದು ಬೆಲೆಯಲ್ಲ, ಮಾರಾಟಗಳ ಸಂಖ್ಯೆ. ಮನೆಗಳು ತಿಂಗಳುಗಟ್ಟಲೆ ಮಾರಾಟವಾಗದೆ ನಿಲ್ಲುತ್ತವೆ, ಯಾರೂ ಬೆಲೆ ಇಳಿಸುವುದಿಲ್ಲ, ಕಡಿಮೆ ಬೆಲೆಯ ವ್ಯವಹಾರ ದಾಖಲಾಗುವುದೇ ಇಲ್ಲ. ಹಾಗಾಗಿ "ನೋಡಿ, ಬೆಲೆ ಇಳಿದಿಲ್ಲ" ಎಂದು ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಳ್ಳಬಹುದು. ಷೇರುಗಳಿಗಾದರೆ ಪ್ರತಿದಿನವೂ ಬೆಲೆ ಮುಖಕ್ಕೆ ರಾಚುತ್ತದೆ. ಮನೆಗೆ ಬೆಲೆ ಗೊತ್ತಾಗುವುದು ಮಾರಿದ ದಿನ ಮಾತ್ರ. ಬಹುಪಾಲು ಜನ ಮಾರುವುದೇ ಇಲ್ಲ. ಪರೀಕ್ಷೆಯೇ ನಡೆಯದ ನಂಬಿಕೆ ಬದಲಾಗಬೇಕೆಂದು ನಾವು ಹೇಗೆ ನಿರೀಕ್ಷಿಸೋಣ?

ಮಧ್ಯವರ್ತಿ:
ಮನೆ ಮಾರಿಸಿಕೊಡುವುದು ನನ್ನ ವೃತ್ತಿ. ಮೇಷ್ಟ್ರು ಬರೆದದ್ದನ್ನು ನಾನು ಪ್ರತಿವಾರ ನೋಡುತ್ತೇನೆ. ಮನೆ ತೋರಿಸುವಾಗ ಮಾಲೀಕರು ಅಡುಗೆಮನೆಯ ಕಪಾಟನ್ನು ತೆರೆದು, ಇದಕ್ಕೆ ಇಷ್ಟು ಖರ್ಚಾಯಿತು, ನೆಲದ ಕಲ್ಲಿಗೆ ಇಷ್ಟಾಯಿತು ಎಂದು ಬೆರಳು ಮಡಚಿ ಎಣಿಸುತ್ತಾರೆ. ಕೊಳ್ಳುವವರು ಆ ಕಪಾಟನ್ನು ಕಿತ್ತು ಹಾಕಲು ಎಷ್ಟಾದೀತು ಎಂದು ಯೋಚಿಸುತ್ತಿರುತ್ತಾರೆ. ನಮ್ಮಂಥವರಿಗೆ ಮಾತ್ರ ನಿಜವಾದ ಬೆಲೆ ಗೊತ್ತಿರುತ್ತದೆ, ಏಕೆಂದರೆ ನಮಗೆ ಯಾವ ಮನೆಯ ಮೇಲೂ ವ್ಯಾಮೋಹವಿಲ್ಲ.

ಪುಸ್ತಕದ ಹುಳು:
ಮಧ್ಯವರ್ತಿ ಅವರ ಕೊನೆಯ ವಾಕ್ಯವನ್ನು ಒಪ್ಪಲಾರೆ. ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ 1987ರಲ್ಲಿ ಅಮೆರಿಕದ ಟ್ಯೂಸಾನ್ ನಗರದಲ್ಲಿ ಒಂದು ಪ್ರಯೋಗ ನಡೆಸಿದರು. ವೃತ್ತಿನಿರತ ಮಧ್ಯವರ್ತಿಗಳನ್ನೂ ವಿದ್ಯಾರ್ಥಿಗಳನ್ನೂ ನಿಜವಾದ ಮನೆಯೊಳಗೆ ಓಡಾಡಿಸಿ, ಅದರ ವಿವರಗಳ ಕಡತವನ್ನು ಕೈಗಿತ್ತು ಬೆಲೆ ಕಟ್ಟಲು ಹೇಳಿದರು. ಎಲ್ಲರೂ ನೋಡಿದ್ದು ಅದೇ ಮನೆ, ಕಡತದಲ್ಲಿದ್ದ ವಿವರಗಳೂ ಅವೇ. ಮಾಲೀಕ ಕೇಳುತ್ತಿರುವ ಬೆಲೆ ಎಂಬ ಒಂದು ಸಾಲು ಮಾತ್ರ ಒಬ್ಬೊಬ್ಬರಿಗೆ ಒಂದೊಂದಾಗಿತ್ತು. ಆ ಅಂಕಿ ಹೆಚ್ಚಿದ್ದವರು ಹೆಚ್ಚು ಬೆಲೆ ಕಟ್ಟಿದರು, ಕಡಿಮೆಯಿದ್ದವರು ಕಡಿಮೆ ಕಟ್ಟಿದರು, ಮತ್ತು ಇದರಲ್ಲಿ ವೃತ್ತಿನಿರತರೂ ಹೊರತಾಗಲಿಲ್ಲ. ಆದರೆ ಆ ಸಾಲು ತಮ್ಮ ಮೇಲೆ ಪ್ರಭಾವ ಬೀರಿತೆಂದು ಒಪ್ಪಿದ ವೃತ್ತಿನಿರತರು ಕೆಲವರೇ.

ಮಧ್ಯವರ್ತಿ:
ಇದು ನನಗೆ ಗೊತ್ತಿರಲಿಲ್ಲ. ಓದಿದ ಮೇಲೂ "ನಾನು ಹಾಗಲ್ಲ" ಎಂದೇ ಮೊದಲು ಅನ್ನಿಸಿತು ಎಂಬುದನ್ನು ಮರೆಮಾಚದೆ ಹೇಳುತ್ತೇನೆ. ಮುಂದಿನ ಮನೆಗೆ ಹೋದಾಗ ಮಾಲೀಕರ ಬೆಲೆ ಕೇಳುವ ಮೊದಲೇ ನನ್ನ ಅಂದಾಜನ್ನು ಬರೆದಿಟ್ಟು ನೋಡುತ್ತೇನೆ.

ಕಂತು ಕಟ್ಟುವವ:
ಎಲ್ಲರೂ ಮನೆ ಕೊಂಡವರನ್ನೇ ರೋಗಿಗಳಂತೆ ಪರೀಕ್ಷಿಸುತ್ತಿದ್ದೀರಿ. ಇಪ್ಪತ್ತು ವರ್ಷಗಳ ಸಾಲಕ್ಕೆ ಸಹಿ ಹಾಕಿದವನು ಪ್ರತಿ ತಿಂಗಳು ಮೊದಲನೆಯ ವಾರ ತನ್ನ ನಿರ್ಧಾರವನ್ನು ಮರುಪರಿಶೀಲಿಸಿದರೆ ಅವನಿಗೆ ನಿದ್ರೆ ಬರುವುದಿಲ್ಲ. ನಂಬಿಕೆ ಇರಬೇಕಾದ್ದೇ, ಇಲ್ಲದಿದ್ದರೆ ಬದುಕಲಾಗದು.

ಅರ್ಥಶಾಸ್ತ್ರದ ಮೇಷ್ಟ್ರು:
ಇದು ಆಕ್ಷೇಪಣೆಯಾಗಿ ಬಂದರೂ ನನ್ನ ಪಾಲಿಗೆ ಈ ಚರ್ಚೆಯ ತಿರುಳು. 1957ರಲ್ಲಿ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಹೇಳಿದ್ದು ಇದನ್ನೇ: ನಾವು ಮಾಡಿದ ಕೆಲಸಕ್ಕೂ ನಮಗೆ ತಿಳಿದುಬಂದ ಸಂಗತಿಗೂ ಹೊಂದಿಕೆಯಾಗದಿದ್ದಾಗ, ಮಾಡಿದ ಕೆಲಸವನ್ನು ಅಳಿಸಲಾಗದ ಕಾರಣ ಸಂಗತಿಯನ್ನೇ ಬಗ್ಗಿಸುತ್ತೇವೆ. ಮನೆ ಕೊಳ್ಳುವುದು ಸುಲಭವಾಗಿ ಅಳಿಸಲಾಗದ ಕೆಲಸ. ಅದರ ಸುತ್ತ ಮಕ್ಕಳ ಶಾಲೆ, ಬಿಟ್ಟುಕೊಟ್ಟ ನೌಕರಿ, ಹೆತ್ತವರಿಂದ ಪಡೆದ ನೆರವು ಎಲ್ಲವೂ ಹೆಣೆದುಕೊಂಡಿರುತ್ತವೆ. "ಬೆಲೆ ಇಳಿಯಬಹುದು" ಎಂಬ ಮಾತು ಅಂಥವರ ಕಿವಿಗೆ ಮಾರುಕಟ್ಟೆಯ ಮುನ್ಸೂಚನೆಯಾಗಿ ಬೀಳುವುದಿಲ್ಲ. "ನೀನು ವಿವೇಕಿಯಲ್ಲ" ಎಂದು ಬೀಳುತ್ತದೆ. ಬಾಡಿಗೆಯಲ್ಲಿರುವವರಿಗೂ ಅಷ್ಟೇ. ಕೊಳ್ಳದೆ ಕಾದವರಿಗೆ "ಬೆಲೆ ಇನ್ನೂ ಏರುತ್ತದೆ" ಎಂದರೆ, ಕಳೆದುಹೋದ ವರ್ಷಗಳ ಬಗ್ಗೆ ತೀರ್ಪು ಕೊಟ್ಟಂತೆ ಕೇಳಿಸುತ್ತದೆ.

ಬಾಡಿಗೆಮನೆ:
ಕೊನೆಯ ವಾಕ್ಯವನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಂಬತ್ತು ವರ್ಷಗಳ ಹಿಂದೆ ನಾನು ನೋಡಿ ಬೇಡವೆಂದು ಬಿಟ್ಟ ಮನೆಯ ಎದುರು ಈಗಲೂ ಹಾದುಹೋಗುವುದಿಲ್ಲ, ಇನ್ನೊಂದು ರಸ್ತೆಯಿಂದ ಹೋಗುತ್ತೇನೆ.

ಎರಡು ತಲೆಮಾರು:
ನಂಬಿಕೆ ಬಿಡದವರನ್ನು ಹಠಮಾರಿಗಳೆಂದು ಕರೆಯುವ ಮೊದಲು, ಆ ನಂಬಿಕೆಯನ್ನು ಅವರಿಗೆ ಕಲಿಸಿದ್ದು ಯಾವುದು ಎಂದು ಕೇಳಬೇಕು. ಜಪಾನಿನಲ್ಲಿ ಭೂಮಿಯ ಬೆಲೆ ಇಳಿಯುವುದೇ ಇಲ್ಲ ಎಂಬ ಭಾವನೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನು ಮುಂದೆ "ಭೂಮಿಯ ಪುರಾಣ" ಎಂಬ ಅರ್ಥದ ಹೆಸರಿನಿಂದಲೇ ಕರೆದರು. ಆದರೆ ಅದು ಗಾಳಿಯಲ್ಲಿ ಹುಟ್ಟಿದ್ದಲ್ಲ. ಯುದ್ಧಾನಂತರದ ದಶಕಗಳಲ್ಲಿ, ತೈಲ ಬಿಕ್ಕಟ್ಟಿನ ಬೆನ್ನಿಗೆ ಬಂದ ಒಂದು ಸಣ್ಣ ಇಳಿತವನ್ನು ಬಿಟ್ಟರೆ, ಬೆಲೆ ನಿಜವಾಗಿಯೂ ಏರುತ್ತಲೇ ಇತ್ತು. ಮೂವತ್ತೈದು ವರ್ಷ ಕಣ್ಣಾರೆ ಕಂಡದ್ದನ್ನು ನಂಬಿದವನು ಮೂರ್ಖನಲ್ಲ. 1991ರ ಸುಮಾರಿಗೆ ದೊಡ್ಡ ನಗರಗಳ ಭೂಮಿಯ ಬೆಲೆ ತುದಿ ಮುಟ್ಟಿ, ಅಲ್ಲಿಂದ ಹೆಚ್ಚುಕಡಿಮೆ ಹದಿನೈದು ವರ್ಷ ಇಳಿಯುತ್ತಲೇ ಹೋಯಿತು. ಆ ಇಳಿತದಲ್ಲಿಯೇ ಬೆಳೆದ ಮಕ್ಕಳಿಗೆ ಅಪ್ಪಂದಿರ ನಂಬಿಕೆ ಅರ್ಥವೇ ಆಗುವುದಿಲ್ಲ, ಅಪ್ಪಂದಿರಿಗೆ ಮಕ್ಕಳ ಹಿಂಜರಿಕೆ ಅರ್ಥವಾಗುವುದಿಲ್ಲ. ಇಬ್ಬರ ಕೈಯಲ್ಲೂ ಪುರಾವೆ ಇದೆ.

ಪುಸ್ತಕದ ಹುಳು:
ಇದಕ್ಕೆ ಹೊಂದುವ ಇನ್ನೊಂದು ದಾಖಲೆಯಿದೆ. ಪೀಟ್ ಐಖೋಲ್ಟ್ಸ್ ಎಂಬ ವಿದ್ವಾಂಸರು ಆಮ್‌ಸ್ಟರ್‌ಡ್ಯಾಮಿನ ಹೆರೆನ್‌ಗ್ರಾಕ್ಟ್ ಕಾಲುವೆಯ ದಂಡೆಯ ಮನೆಗಳ ಮಾರಾಟವನ್ನು 1628ರಿಂದ 1973ರವರೆಗೆ ಹಿಂಬಾಲಿಸಿ ಬೆಲೆಯ ಸೂಚ್ಯಂಕ ಕಟ್ಟಿದರು. ಹಣದುಬ್ಬರ ಕಳೆದರೆ, ಆ 345 ವರ್ಷಗಳಲ್ಲಿ ಬೆಲೆ ಹೆಚ್ಚೆಂದರೆ ಎರಡು ಪಟ್ಟಾಗಿತ್ತು, ಅಷ್ಟೇ. ಆದರೆ ಆ ಗೆರೆ ನೆಟ್ಟಗಿಲ್ಲ. ದಶಕಗಟ್ಟಲೆ ಏರುತ್ತದೆ, ದಶಕಗಟ್ಟಲೆ ಇಳಿಯುತ್ತದೆ. ಒಬ್ಬ ಮನುಷ್ಯನ ಆಯುಷ್ಯ ಆ ಗೆರೆಯ ಒಂದು ಏರಿನೊಳಗೋ ಒಂದು ಇಳಿಜಾರಿನೊಳಗೋ ಮುಗಿದುಹೋಗುತ್ತದೆ.

ಕಂತು ಕಟ್ಟುವವ:
ಮುನ್ನೂರು ವರ್ಷಗಳ ಲೆಕ್ಕ ಹಿಡಿದು ಯಾರೂ ಮನೆ ಕೊಳ್ಳುವುದಿಲ್ಲ. ನನಗೆ ನನ್ನ ಇಪ್ಪತ್ತು ವರ್ಷ ಮುಖ್ಯ.

ಪುಸ್ತಕದ ಹುಳು:
ನಿಮ್ಮ ಮಾತು ನ್ಯಾಯವಾದದ್ದೇ. ಆದರೆ ಆಗ "ನನ್ನ ಇಪ್ಪತ್ತು ವರ್ಷ ಹೇಗಿರಬಹುದೋ ತಿಳಿಯದು" ಎನ್ನಬೇಕು. "ಬೆಲೆ ಎಂದಿಗೂ ಇಳಿಯುವುದಿಲ್ಲ" ಎನ್ನುವುದು ಮುನ್ನೂರು ವರ್ಷಗಳ ಹೇಳಿಕೆ.

ಲೆಕ್ಕಪತ್ರ:
ಹಣದುಬ್ಬರದ ಮಾತು ಬಂದದ್ದರಿಂದ ಒಂದು ಉದಾಹರಣೆ. ಎಲ್ಡಾರ್ ಶಫೀರ್, ಪೀಟರ್ ಡೈಮಂಡ್ ಮತ್ತು ಟ್ವೆರ್ಸ್ಕಿ 1997ರ ತಮ್ಮ ಪ್ರಬಂಧಕ್ಕಾಗಿ ಜನರ ಮುಂದೆ ಮೂವರು ಮಾರಾಟಗಾರರ ಕತೆಯನ್ನು ಇಟ್ಟರು. ಮೂವರೂ ಒಂದೇ ಬೆಲೆಗೆ ಮನೆ ಕೊಂಡು ಒಂದು ವರ್ಷದ ನಂತರ ಮಾರಿದವರು. ಮೊದಲನೆಯವನ ಕಾಲದಲ್ಲಿ ಎಲ್ಲ ವಸ್ತುಗಳ ಬೆಲೆಯೂ ಶೇಕಡಾ 25ರಷ್ಟು ಇಳಿದಿತ್ತು, ಅವನು ಶೇಕಡಾ 23ರಷ್ಟು ಕಡಿಮೆಗೆ ಮಾರಿದ. ಎರಡನೆಯವನ ಕಾಲದಲ್ಲಿ ಬೆಲೆಗಳು ಇದ್ದಲ್ಲಿಯೇ ಇದ್ದವು, ಅವನು ಶೇಕಡಾ 1ರಷ್ಟು ಕಡಿಮೆಗೆ ಮಾರಿದ. ಮೂರನೆಯವನ ಕಾಲದಲ್ಲಿ ಎಲ್ಲವೂ ಶೇಕಡಾ 25ರಷ್ಟು ಏರಿತ್ತು, ಅವನು ಶೇಕಡಾ 23ರಷ್ಟು ಹೆಚ್ಚಿಗೆ ಮಾರಿದ. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಗೆದ್ದವನು ಮೊದಲನೆಯವನೊಬ್ಬನೇ. ಮೂರನೆಯವನೇ ಎಲ್ಲರಿಗಿಂತ ಹೆಚ್ಚು ಸೋತವನು. ಆದರೆ ಉತ್ತರ ಕೊಟ್ಟವರಲ್ಲಿ ಅತಿ ಹೆಚ್ಚು ಜನ ಮೊದಲ ಸ್ಥಾನ ಕೊಟ್ಟದ್ದು ಮೂರನೆಯವನಿಗೇ. ಮನೆಯ ವಿಷಯದಲ್ಲಿ ನಮ್ಮ ನೆನಪಿನಲ್ಲಿ ಉಳಿಯುವುದು ಕೊಂಡ ಬೆಲೆ, ಇಂದಿನ ಬೆಲೆ ಎಂಬ ಎರಡೇ ಅಂಕಿ. ನಡುವಿನ ವರ್ಷಗಳಲ್ಲಿ ಉಳಿದದ್ದೆಲ್ಲ ಎಷ್ಟು ಏರಿತು ಎಂಬುದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ನೇರಮಾತು:
ಇಷ್ಟೆಲ್ಲ ಮನಶ್ಶಾಸ್ತ್ರ ಬೇಕಾಗಿಲ್ಲ. ಸಾಲ ಕೊಡುವವರಿಗೂ ಕಟ್ಟಿ ಮಾರುವವರಿಗೂ ನಿಜ ಗೊತ್ತಿರುತ್ತದೆ, ಲಾಭಕ್ಕಾಗಿ ಸುಳ್ಳು ಹೇಳಿ ಜನರನ್ನು ನಂಬಿಸುತ್ತಾರೆ.

ಎರಡು ತಲೆಮಾರು:
ಕೆಲವರು ಹಾಗಿರಬಹುದು, ಆದರೆ ದೊಡ್ಡ ಕುಸಿತದ ದಾಖಲೆ ಬೇರೆಯದನ್ನೇ ಹೇಳುತ್ತದೆ. ಅಮೆರಿಕದಲ್ಲಿ ಮನೆ ಬೆಲೆ 2006ರಲ್ಲಿ ತುದಿ ಮುಟ್ಟಿ ಬಿತ್ತಲ್ಲ, ಆಗ ಗೃಹಸಾಲಗಳನ್ನು ಒಟ್ಟುಗೂಡಿಸಿ ಹೂಡಿಕೆಪತ್ರಗಳಾಗಿ ಮಾರುತ್ತಿದ್ದ ಸಂಸ್ಥೆಗಳ ಮಧ್ಯಮ ಹಂತದ ಅಧಿಕಾರಿಗಳು ತಮ್ಮ ಸ್ವಂತ ಮನೆಗಳನ್ನು ಏನು ಮಾಡಿದರು ಎಂಬುದನ್ನು ಇಂಗ್-ಹಾವ್ ಚೆಂಗ್, ಸಹಿಲ್ ರೈನಾ, ವೇ ಶಿಯೋಂಗ್ ಎಂಬ ಸಂಶೋಧಕರು ಹುಡುಕಿ 2014ರಲ್ಲಿ ಪ್ರಕಟಿಸಿದರು. ಒಳಗಿನ ಸತ್ಯ ತಿಳಿದಿದ್ದರೆ ಅವರು ಮೊದಲೇ ಮಾರಿ ಹೊರಬರಬೇಕಿತ್ತು. ಅವರು ಮಾರಲಿಲ್ಲ, ಏರುಗಾಲದಲ್ಲಿ ಎರಡನೆಯ ಮನೆ ಕೊಳ್ಳುವುದರಲ್ಲಿ ಅವರೇ ಮುಂದಿದ್ದರು. ಇಡೀ ದೇಶದ ಮಟ್ಟದಲ್ಲಿ ಮನೆ ಬೆಲೆ ಎಂದೂ ಇಳಿದಿಲ್ಲ ಎಂದು 2005ರಲ್ಲಿ ಬೆನ್ ಬರ್ನಾಂಕಿ ಹೇಳಿದ್ದರು. ಮರುವರ್ಷ ಅವರೇ ಅಲ್ಲಿನ ಕೇಂದ್ರೀಯ ಬ್ಯಾಂಕಿನ ಅಧ್ಯಕ್ಷರಾದರು. ಅವರಿಗಿಂತ ಹಿಂದೆ ಆ ಸ್ಥಾನದಲ್ಲಿದ್ದ ಅಲನ್ ಗ್ರೀನ್‌ಸ್ಪ್ಯಾನ್ 2008ರ ಅಕ್ಟೋಬರಿನಲ್ಲಿ ಸಂಸತ್ತಿನ ಸಮಿತಿಯ ಎದುರು ಕೂತು, ತಾವು ನಂಬಿಕೊಂಡು ಬಂದ ವಿಚಾರದಲ್ಲಿಯೇ ಒಂದು ದೋಷ ಕಂಡಿತೆಂದು ಒಪ್ಪಿಕೊಳ್ಳಬೇಕಾಯಿತು. ಇವರು ಸುಳ್ಳು ಹೇಳುತ್ತಿದ್ದರು ಎಂದು ಭಾವಿಸಿದರೆ ನಮಗೆ ಸಮಾಧಾನ ಸಿಗುತ್ತದೆ. ನಿಜವಾಗಿ ನಂಬಿದ್ದರು ಎಂಬುದು ಹೆಚ್ಚು ಭಯ ಹುಟ್ಟಿಸುವ ಸಂಗತಿ.

ನೇರಮಾತು:
ಎರಡನೆಯ ಮನೆ ಕೊಂಡರು ಎಂಬುದನ್ನು ನಾನು ಕೇಳಿರಲಿಲ್ಲ. ಆದರೂ ಹೊಸ ಕಟ್ಟಡಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗದು. ಎಲ್ಲಿ ಹೊಸ ಅಪಾರ್ಟ್‌ಮೆಂಟು ಎದ್ದಿದೆಯೋ ಅಲ್ಲೆಲ್ಲ ಬಾಡಿಗೆ ಏರಿದೆ. ಹೆಚ್ಚು ಮನೆ ಕಟ್ಟಿದರೆ ಬಾಡಿಗೆ ಇಳಿಯುತ್ತದೆ ಎಂಬುದು ಕಟ್ಟುವವರು ಹಬ್ಬಿಸಿದ ಮಾತು.

ಅರ್ಥಶಾಸ್ತ್ರದ ಮೇಷ್ಟ್ರು:
ಕೊಡೆಗಳು ಹೆಚ್ಚು ಕಂಡ ದಿನವೇ ಮಳೆ ಹೆಚ್ಚು ಬರುತ್ತದೆ, ಆದರೆ ಮಳೆ ತಂದದ್ದು ಕೊಡೆಯಲ್ಲ. ಬಾಡಿಗೆ ಏರುತ್ತಿರುವ ಕಡೆಯೇ ಕಟ್ಟುವವರು ಹೋಗುತ್ತಾರೆ. ಇವಾನ್ ಮಾಸ್ಟ್ ಎಂಬ ಸಂಶೋಧಕರು ಹೊಸ ದುಬಾರಿ ಕಟ್ಟಡಗಳಿಗೆ ಬಂದವರು ಹಿಂದೆ ಎಲ್ಲಿದ್ದರು, ಅವರು ಖಾಲಿ ಮಾಡಿದ ಮನೆಗೆ ಯಾರು ಬಂದರು, ಅವರು ಬಿಟ್ಟ ಮನೆಗೆ ಮತ್ತೆ ಯಾರು ಬಂದರು ಎಂದು ಆರು ಸುತ್ತು ಹಿಂಬಾಲಿಸಿ ನೋಡಿದರು. ಆ ಸರಪಳಿ ಕೆಲವೇ ಸುತ್ತುಗಳಲ್ಲಿ ಕಡಿಮೆ ಆದಾಯದವರ ಬಡಾವಣೆಗಳನ್ನು ತಲುಪುತ್ತಿತ್ತು. ಆದರೆ ನಮ್ಮ ಕಣ್ಣಿಗೆ ಬೀಳುವುದು ಎದುರಿನ ಗಾಜಿನ ಕಟ್ಟಡ ಮಾತ್ರ. ಅದರಿಂದಾಗಿ ದೂರದ ಇನ್ನೊಂದು ಬಡಾವಣೆಯಲ್ಲಿ ಯಾರಿಗೋ ಬಾಡಿಗೆ ಏರದೆ ಉಳಿದದ್ದು ಯಾರಿಗೂ ಕಾಣುವುದಿಲ್ಲ, ಆ ಬಾಡಿಗೆದಾರನಿಗೂ ಕಾಣುವುದಿಲ್ಲ. ಕಾಣುವ ಒಂದು ಕಟ್ಟಡದ ಎದುರು ಕಾಣದ ಸಾವಿರ ಬಾಡಿಗೆಗಳು ವಾದದಲ್ಲಿ ಸೋಲುತ್ತವೆ.

ನೇರಮಾತು:
ಆ ಸರಪಳಿ ಮುಂದುವರಿಯುವ ಹೊತ್ತಿಗೆ ಹಳೆಯ ಮನೆ ಕೆಡವಿಸಿಕೊಂಡು ಹೊರಬಿದ್ದವನ ಗತಿಯೇನು? ನನ್ನನ್ನು ಹಾಗೆ ಎರಡು ಸಲ ಎಬ್ಬಿಸಿದ್ದಾರೆ. ಎರಡನೆಯ ಸಲ ಸಾಮಾನು ಕಟ್ಟುವಾಗ ಮಗಳು ಗೋಡೆಯ ಮೇಲೆ ತನ್ನ ಎತ್ತರ ಗುರುತು ಹಾಕಿದ್ದ ಪೆನ್ಸಿಲ್ ಗೆರೆಗಳನ್ನು ಅಳತೆಪಟ್ಟಿಯಿಂದ ಅಳೆದು ಪುಸ್ತಕದಲ್ಲಿ ಬರೆದುಕೊಂಡಳು.

ಅರ್ಥಶಾಸ್ತ್ರದ ಮೇಷ್ಟ್ರು:
ಅದಕ್ಕೆ ನನ್ನ ಸರಪಳಿ ಉತ್ತರವಲ್ಲ, ಒಪ್ಪುತ್ತೇನೆ. ಊರಿಗೆಲ್ಲ ಒಟ್ಟಾರೆ ಬಾಡಿಗೆ ಇಳಿಯುವುದೂ ನಿಮ್ಮ ಮನೆ ಹೋಗುವುದೂ ಒಟ್ಟಿಗೇ ನಿಜವಾಗಿರಬಹುದು. ನನ್ನಂಥವರು ಮೊದಲನೆಯದನ್ನು ಹೇಳುವ ಅವಸರದಲ್ಲಿ ಎರಡನೆಯದನ್ನು ಅಲ್ಲಗಳೆದಂತೆ ಮಾತನಾಡುತ್ತೇವೆ; ಕೇಳುವವರು ಎರಡನ್ನೂ ತಳ್ಳಿಹಾಕುತ್ತಾರೆ. ತಪ್ಪು ನಮ್ಮ ಕಡೆಯೂ ಇದೆ.

ಹೊಸಬ:
ಅಂಕಿ-ಅಂಶ ತೋರಿಸಿದಷ್ಟೂ ಜನ ಇನ್ನಷ್ಟು ಹಠ ಹಿಡಿಯುತ್ತಾರೆ ಎಂದು ಸಂಶೋಧನೆಯೇ ಹೇಳಿದೆಯಲ್ಲವೇ?

ಪುಸ್ತಕದ ಹುಳು:
2010ರಲ್ಲಿ ಬ್ರೆಂಡನ್ ನೈಹನ್ ಮತ್ತು ಜೇಸನ್ ರೈಫ್ಲರ್ ಅವರ ಅಧ್ಯಯನದಲ್ಲಿ ಹಾಗೆ ಕಂಡುಬಂದಿತ್ತು. 2019ರಲ್ಲಿ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ ಇನ್ನೂ ದೊಡ್ಡ ಪ್ರಮಾಣದಲ್ಲಿ, ಹತ್ತಾರು ವಿಷಯಗಳ ಮೇಲೆ ಪರೀಕ್ಷಿಸಿದಾಗ ಅಂಥ ತಿರುಗೇಟು ಹೆಚ್ಚುಕಡಿಮೆ ಕಾಣಲೇ ಇಲ್ಲ. ಜನ ಸಂಗತಿಯನ್ನು ಒಪ್ಪುತ್ತಾರೆ, ನಿಲುವನ್ನು ಮಾತ್ರ ಬದಲಿಸುವುದಿಲ್ಲ. ಮೂಲ ಬರಹದ ಅಣ್ಣ ಹಾಳೆಯ ತಪ್ಪನ್ನು ತಾವೇ ತಿದ್ದಿ, ಲೆಕ್ಕ ಒಪ್ಪಿ, ಜೇಬಿಗಿಟ್ಟುಕೊಂಡದ್ದು ಹೀಗೆಯೇ.

ಮಾರಿದವಳು:
ನಾನು ಮನಸ್ಸು ಬದಲಿಸಿದವಳು, ಆದ್ದರಿಂದ ಹೇಗೆ ಬದಲಿಸಿದೆ ಎಂದು ಹೇಳುತ್ತೇನೆ. ಕೆಲಸದ ವರ್ಗಾವಣೆಯಾಗಿ ಮನೆ ಮಾರಬೇಕಾಯಿತು. ಮೊದಲು ಬಂದವರು ಹೇಳಿದ ಬೆಲೆ ನಾನು ಕೊಂಡದ್ದಕ್ಕಿಂತ ಸ್ವಲ್ಪ ಕಡಿಮೆಯಿತ್ತು. ಅವಮಾನವಾದಂತೆನಿಸಿ ಬಾಗಿಲವರೆಗೂ ಕಳಿಸದೆ ಒಳಗೆ ಹೋದೆ. ಐದು ತಿಂಗಳ ನಂತರ ಬಂದವರು ಅದಕ್ಕಿಂತಲೂ ಕಡಿಮೆ ಹೇಳಿದರು. ಅಷ್ಟು ಕಾಲವೂ ಖಾಲಿ ಮನೆಯ ಕಂತನ್ನೂ ಹೊಸ ಊರಿನ ಬಾಡಿಗೆಯನ್ನೂ ಎರಡು ಕೈಯಿಂದ ಕಟ್ಟುತ್ತಿದ್ದೆ. ಬೆಲೆ ಏರಿಯೇ ಏರುತ್ತದೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ.

ಮೂರನೆಯ ಸಲ ಬಂದ ದಂಪತಿಗಳ ಜೊತೆ ಒಬ್ಬ ವೃದ್ಧೆ ಇದ್ದರು. ಎಲ್ಲರೂ ತಾರಸಿಗೆ ಹೋದಾಗ ಅವರು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತು, ಯಾವ ವಾದವನ್ನೂ ಹೂಡದೆ, "ಈಗ ನಿನ್ನ ಕೈಯಲ್ಲಿ ಈ ದುಡ್ಡೇ ಇದ್ದಿದ್ದರೆ ಇದೇ ಮನೆಯನ್ನು ಇಷ್ಟು ಕೊಟ್ಟು ಕೊಳ್ಳುತ್ತಿದ್ದೆಯಾ ಮಗಳೇ?" ಎಂದು ಕೇಳಿದರು. ಕೊಳ್ಳುತ್ತಿರಲಿಲ್ಲ. ಆ ಉತ್ತರ ನನ್ನ ಬಾಯಿಂದಲೇ ಬಂದದ್ದರಿಂದ ಅದರೊಡನೆ ಜಗಳವಾಡಲು ಸಾಧ್ಯವಾಗಲಿಲ್ಲ. ಅವರು ನನ್ನನ್ನು ತಪ್ಪಿತಸ್ಥಳೆನ್ನಲಿಲ್ಲ, ಹಿಂದೆ ಕೊಂಡದ್ದರ ಬಗ್ಗೆ ಒಂದು ಮಾತನ್ನೂ ಎತ್ತಲಿಲ್ಲ. ಆ ವಾರವೇ ಮಾರಿದೆ.

ಕಂತು ಕಟ್ಟುವವ:
ಮಾರಿದವಳು ಅವರೇ, ನಿಮ್ಮ ಬರಹ ಓದಿ ನನಗೂ ಆ ಪ್ರಶ್ನೆಯನ್ನು ಹಾಕಿಕೊಂಡೆ. ನನ್ನ ಉತ್ತರ "ಹೌದು, ಕೊಳ್ಳುತ್ತಿದ್ದೆ" ಎಂದೇ ಬಂತು, ಆದರೆ ಕಾರಣ ನಾನು ಹೇಳಿಕೊಂಡು ಬಂದದ್ದಲ್ಲ. ಬೆಲೆ ಏರುತ್ತದೆ ಎಂಬುದಕ್ಕಲ್ಲ. ಮನೆ ಖಾಲಿ ಮಾಡಿ ಎಂದು ನನಗೆ ಯಾರೂ ಹೇಳಲಾರರು ಎಂಬುದಕ್ಕೆ. ನೇರಮಾತು ಅವರ ಮಗಳ ಪೆನ್ಸಿಲ್ ಗೆರೆಗಳು ನೆನಪಾದವು. ಅದು ನನ್ನ ನಿಜವಾದ ಕಾರಣವಾಗಿದ್ದರೆ, ಬೆಲೆಯ ಬಗ್ಗೆ ನಾನು ಇಷ್ಟು ವರ್ಷ ಅಷ್ಟು ಗಟ್ಟಿಯಾಗಿ ವಾದಿಸಬೇಕಾಗಿರಲಿಲ್ಲ.

ಬಾಡಿಗೆಮನೆ:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಹೊಸ ಹಾಳೆಯಲ್ಲಿ ಲೆಕ್ಕವನ್ನು ಮತ್ತೆ ಮಾಡಿದೆ. ಉಳಿಸಿದ ಬಾಡಿಗೆಯನ್ನು ಸೇರಿಸಿದೆ, ಮೊದಲಿಗೆ ಕಟ್ಟಿದ ಹಣ ಬೇರೆಡೆ ಗಳಿಸಬಹುದಾಗಿದ್ದನ್ನು ಕಳೆದೆ. ಅಣ್ಣನ ಖರೀದಿ ನಾನು ಹೇಳಿದ್ದಕ್ಕಿಂತ ಬಹಳ ಚೆನ್ನಾಗಿದೆ, ಅವನು ಹೇಳುವಷ್ಟು ಚೆನ್ನಾಗಿಲ್ಲ. ಬಾಡಿಗೆಯ ಸಾಲನ್ನು ಬರೆಯುವಾಗ ಪೆನ್ನು ಮುಂದೆ ಹೋಗಲು ಒಪ್ಪಲಿಲ್ಲ. ಕಡಿಮೆ ಅಂಕಿಯನ್ನೇ ಹಾಕಲು ಕೈ ಎಳೆಯುತ್ತಿತ್ತು. ಕೊನೆಗೆ ನಾನೇ ನನ್ನ ಮನೆಗೆ ಕೊಟ್ಟ ಬಾಡಿಗೆಯ ಹಳೆಯ ರಸೀದಿಗಳನ್ನು ತೆಗೆದು ವರ್ಷವಾರು ಬರೆದೆ.

ಇಂದು ಬೆಳಿಗ್ಗೆ ಹಾಳೆಯ ಚಿತ್ರ ತೆಗೆದು ಅಣ್ಣನಿಗೆ ಕಳಿಸಿ, ಮೊದಲ ಲೆಕ್ಕದಲ್ಲಿ ನಾನು ಬಾಡಿಗೆಯನ್ನು ಬಿಟ್ಟಿದ್ದೆ, ತಪ್ಪಾಯಿತು ಎಂದು ಬರೆದೆ. ಮಧ್ಯಾಹ್ನದವರೆಗೂ ಉತ್ತರ ಬರಲಿಲ್ಲ. ಆಮೇಲೆ ಕರೆ ಮಾಡಿ, "ನೀರಿನ ಪಂಪು ಎರಡು ಸಲ ಬದಲಿಸಿದ್ದನ್ನು ನಾನು ನಿನಗೆ ಹೇಳಿರಲಿಲ್ಲ, ಅದನ್ನೂ ಖರ್ಚಿಗೆ ಸೇರಿಸಿಕೋ" ಎಂದ.